ನಿಕ್ಕಲ್ ತಗಡಿನ ಬೆನ್ನು ಹತ್ತಿದ ಎಂಜಿನಿಯರ್: ಫ್ರಾನ್ಸಿಸ್ ಥಾಮಸ್ ಬೇಕನ್

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ಇದೆ. ಪ್ಲಾಸ್ಟಿಕ್ ಮಗ್‌ನ ತಳಕ್ಕೆ ಎರಡು ರಂಧ್ರ ಮಾಡಿ, ರಬ್ಬರ್ ಬಿರಡೆಗಳ ಮೂಲಕ ಇಂಗಾಲದ ಕಡ್ಡಿಗಳನ್ನು ತೂರಿಸಿ, 6 ವೋಲ್ಟ್ ಬ್ಯಾಟರಿಗೆ ಜೋಡಿಸುತ್ತೇವೆ. ಒಂದು ಪ್ರನಾಳದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಕ್ಸಿಜನ್ ಸಂಗ್ರಹವಾಗುತ್ತದೆ. ಬೋಧನಾಭ್ಯಾಸಕ್ಕೆ ಹೋಗುವ ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಈ ಪಾಠ ಮಾಡುತ್ತಾರೆ. ಪಾಠ ಮುಗಿದ ಮೇಲೆ ಚುರುಕಾದ ಮಗು ಕೇಳಬಹುದಾದ ಪ್ರಶ್ನೆ ಒಂದಿದೆ. ವಿದ್ಯುತ್ ಕೊಟ್ಟಾಗ ನೀರು ಎರಡು ಅನಿಲಗಳಾಗುವುದಾದರೆ, ಆ ಎರಡು ಅನಿಲಗಳನ್ನು ಸೇರಿಸಿ ವಿದ್ಯುತ್ತನ್ನು ಹಿಂದಕ್ಕೆ ಪಡೆಯಬಹುದೇ?

ಪಡೆಯಬಹುದು. ಹಾಗೆ ಪಡೆಯುವ ಸಾಧನಕ್ಕೆ ಇಂಧನ ಕೋಶ ಎಂದು ಹೆಸರು. ಆದರೆ ಸಮೀಕರಣದ ಬಾಣವನ್ನು ಹಿಂದುಮುಂದು ಮಾಡಿ ಬರೆಯುವುದು ಒಂದು ಕ್ಷಣದ ಕೆಲಸ, ಅದನ್ನು ದುಬಾರಿ ಲೋಹವಿಲ್ಲದೆ ನಡೆಸಿ ತೋರಿಸುವುದು ಒಬ್ಬ ಮನುಷ್ಯನ ಇಪ್ಪತ್ತೇಳು ವರ್ಷಗಳ ಕೆಲಸವಾಯಿತು. ಆತ ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್. ಒಂದು ಕ್ರಿಯೆ ಸಾಧ್ಯ ಎನ್ನುವುದಕ್ಕೂ ಅದು ಬೇಕಾದಷ್ಟು ವೇಗದಲ್ಲಿ ನಡೆಯುತ್ತದೆ ಎನ್ನುವುದಕ್ಕೂ ಎಷ್ಟು ದೂರ ಎಂಬುದನ್ನು ಅವರ ಬದುಕು ತೋರಿಸಿಕೊಡುತ್ತದೆ. ಕ್ರಿಯಾವರ್ಧಕ ಎಂಬ ಪದವನ್ನು ಬಾಣದ ಮೇಲೆ ಬರೆದು ಮುಂದೆ ಹೋಗಿಬಿಡುವ ನಮ್ಮಂಥವರು ತಿಳಿದಿರಬೇಕಾದ ಬದುಕು ಇದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೇಕನ್ 1904ರ ಡಿಸೆಂಬರ್ 21ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಬಿಲ್ಲರಿಕೆ ಎಂಬಲ್ಲಿ ಜನಿಸಿದರು. ಆಪ್ತರಿಗೆ ಅವರು ಟಾಮ್. ಸ್ಥಿತಿವಂತ ಕುಟುಂಬ. ಹೆಸರಾಂತ ಈಟನ್ ಶಾಲೆಯಲ್ಲಿ ಓದಿ, ಅಲ್ಲಿ 1922ರಲ್ಲಿ ಭೌತಶಾಸ್ತ್ರದ ಬಹುಮಾನ ಪಡೆದರು. ಮುಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಯಾಂತ್ರಿಕ ವಿಜ್ಞಾನ ಓದಿ 1925ರಲ್ಲಿ ಪದವಿ ಪಡೆದರು. ಸಿಕ್ಕಿದ್ದು ಮೂರನೇ ದರ್ಜೆ. ಓದಿದ್ದು ಎಂಜಿನಿಯರಿಂಗ್, ಹೆಸರು ಮಾಡಿದ್ದು ವಿದ್ಯುತ್ ರಸಾಯನಶಾಸ್ತ್ರದಲ್ಲಿ. ರಸಾಯನಶಾಸ್ತ್ರದ ಪದವಿ ಅವರಿಗೆ ಇರಲಿಲ್ಲ.

ಪದವಿಯ ನಂತರ ನ್ಯೂಕಾಸಲ್ ನಗರದ ಸಿ. ಎ. ಪಾರ್ಸನ್ಸ್ ಕಂಪನಿಗೆ ಸೇರಿದರು. ಉಗಿ ಟರ್ಬೈನನ್ನು ರೂಪಿಸಿದ ಚಾರ್ಲ್ಸ್ ಪಾರ್ಸನ್ಸ್ ಕಟ್ಟಿದ ಕಂಪನಿ ಅದು. ಕಲ್ಲಿದ್ದಲು ಸುಟ್ಟು ನೀರು ಕುದಿಸಿ, ಉಗಿಯಿಂದ ಚಕ್ರ ತಿರುಗಿಸಿ, ಚಕ್ರದಿಂದ ವಿದ್ಯುತ್ ತೆಗೆಯುವುದು ಆ ಕಾಲದ ದಾರಿ. ಈ ದಾರಿಯಲ್ಲಿ ಶಾಖದ ದೊಡ್ಡ ಪಾಲು ವ್ಯರ್ಥವಾಗಲೇಬೇಕು ಎಂಬುದು ಉಷ್ಣಗತಿಶಾಸ್ತ್ರದ ನಿಯಮ. ದಿನವೂ ಟರ್ಬೈನ್‌ಗಳ ನಡುವೆ ಓಡಾಡುತ್ತಿದ್ದ ಬೇಕನ್‌ಗೆ ಈ ನಷ್ಟದ ಲೆಕ್ಕ ಚೆನ್ನಾಗಿ ಗೊತ್ತಿತ್ತು.

1932ರಲ್ಲಿ ಎಂಜಿನಿಯರಿಂಗ್ ಪತ್ರಿಕೆಯೊಂದರಲ್ಲಿ ಅವರು ಹೈಡ್ರೋಜನ್ ಕುರಿತ ಬರಹಗಳನ್ನು ಓದಿದರು. ಬೇಡಿಕೆ ಕಡಿಮೆಯಿರುವ ಹೊತ್ತಿನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಹೈಡ್ರೋಜನ್ ಶೇಖರಿಸುವುದು, ಬೇಕಾದಾಗ ಅದನ್ನು ಎಂಜಿನ್‌ನಲ್ಲಿ ಸುಡುವುದು ಅಲ್ಲಿದ್ದ ಸಲಹೆ. ಸುಟ್ಟರೆ ಮತ್ತೆ ಅದೇ ಶಾಖದ ನಷ್ಟ. ಸುಡದೆಯೇ ನೇರವಾಗಿ ವಿದ್ಯುತ್ ಪಡೆಯಬಾರದೇಕೆ ಎಂಬ ಯೋಚನೆ ಬೇಕನ್‌ಗೆ ಬಂದದ್ದು ಇಲ್ಲಿ. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಗ್ರೋವ್ ಬಿಟ್ಟುಹೋದ ತೊಡಕು

ಯೋಚನೆ ಹೊಸದಾಗಿರಲಿಲ್ಲ. ವೇಲ್ಸ್ ಮೂಲದ ವಕೀಲ ಮತ್ತು ವಿಜ್ಞಾನಿ ವಿಲಿಯಂ ರಾಬರ್ಟ್ ಗ್ರೋವ್ ಸುಮಾರು ತೊಂಬತ್ತು ವರ್ಷ ಮೊದಲೇ, 1842ರ ಹೊತ್ತಿಗೆ, ಗಾಜಿನ ನಳಿಗೆಗಳಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ತುಂಬಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಪ್ಲಾಟಿನಂ ಪಟ್ಟಿಗಳನ್ನು ಇಳಿಬಿಟ್ಟು ವಿದ್ಯುತ್ ಪಡೆದಿದ್ದರು. ಆದರೆ ಸಿಕ್ಕ ವಿದ್ಯುತ್ ಬಹಳ ಕಡಿಮೆ. ಅನಿಲ, ದ್ರವ, ಲೋಹ ಈ ಮೂರೂ ಒಂದೆಡೆ ಸೇರುವ ಕಡೆಯಲ್ಲೇ ಕ್ರಿಯೆ ನಡೆಯುತ್ತದೆ ಎಂಬುದನ್ನು ಗ್ರೋವ್ ಗಮನಿಸಿದ್ದರು. ಪಟ್ಟಿ ದ್ರವದಲ್ಲಿ ಇಳಿಯುವ ಅಂಚಿನಲ್ಲಿ ಮಾತ್ರ ಅಂಥ ಜಾಗ ಇರುತ್ತಿತ್ತು. ಗ್ರೋವ್ ಮುಂದೆ ನ್ಯಾಯಾಧೀಶರಾದರು. ಅವರ ಅನಿಲ ಬ್ಯಾಟರಿ ಉಪಯೋಗಕ್ಕೆ ಬಾರದೆ ಪ್ರಯೋಗಾಲಯದಲ್ಲೇ ಉಳಿಯಿತು.

ಇಲ್ಲಿ ರಸಾಯನಶಾಸ್ತ್ರದ ಒಂದು ಮಾತನ್ನು ಬಿಡಿಸಿ ನೋಡಬೇಕು. ಕೋಶದ ಒಂದು ಬದಿಯಲ್ಲಿ ಹೈಡ್ರೋಜನ್ ಉತ್ಕರ್ಷಣಗೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಆಕ್ಸಿಜನ್ ಅಪಕರ್ಷಣಗೊಳ್ಳುತ್ತದೆ. ಹೈಡ್ರೋಜನ್ ಅಣು ಎರಡು ಇಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟರೆ ಅದರ ಕೆಲಸ ಮುಗಿಯಿತು. ಆಕ್ಸಿಜನ್ ಅಣು ನಾಲ್ಕು ಇಲೆಕ್ಟ್ರಾನ್‌ಗಳನ್ನು ಪಡೆಯಬೇಕು, ನಡುವೆ ಎಲ್ಲೋ ತನ್ನ ಎರಡು ಪರಮಾಣುಗಳ ನಡುವಿನ ದ್ವಿಬಂಧವನ್ನೂ ಕಡಿದುಕೊಳ್ಳಬೇಕು. ಅರ್ಧ ದಾರಿಯಲ್ಲೇ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಪದಾರ್ಥ ಉಂಟಾಗಿ ವಿದ್ಯುತ್ ಕಡಿಮೆಯಾಗುತ್ತದೆ. ಹೀಗಾಗಿ ಇಂಧನ ಕೋಶದಲ್ಲಿ ನಿಧಾನದ ಬದಿ ಆಕ್ಸಿಜನ್ನಿನದು. ಲೆಕ್ಕದ ಪ್ರಕಾರ ಕೋಣೆಯ ಉಷ್ಣತೆಯಲ್ಲಿ ಒಂದು ಕೋಶ ಸುಮಾರು 1.23 ವೋಲ್ಟ್ ಕೊಡಬೇಕು. ವಾಸ್ತವದಲ್ಲಿ ಅದಕ್ಕಿಂತ ಕಡಿಮೆ ಬರುವುದಕ್ಕೆ ಮುಖ್ಯ ಕಾರಣ ಈ ಬದಿಯೇ. ಪ್ಲಾಟಿನಂ ಈ ಕ್ರಿಯೆಯನ್ನು ಬೇರೆ ಲೋಹಗಳಿಗಿಂತ ಚೆನ್ನಾಗಿ ವೇಗಗೊಳಿಸುತ್ತದೆ, ಆಮ್ಲದಲ್ಲಿ ಕರಗುವುದೂ ಇಲ್ಲ. ಅದಕ್ಕೇ ಗ್ರೋವ್ ಕಾಲದಿಂದ ಎಲ್ಲರೂ ಪ್ಲಾಟಿನಂ ಹಿಡಿದು ಕೂತಿದ್ದರು.

ಪ್ಲಾಟಿನಂ ಬಿಟ್ಟ ಕಾರಣ, ತೆತ್ತ ಬೆಲೆ

ಬೇಕನ್ ಎಂಜಿನಿಯರ್. ಊರಿಗೆ ವಿದ್ಯುತ್ ಕೊಡಬೇಕಾದ ಯಂತ್ರದಲ್ಲಿ ಒಡವೆಯ ಬೆಲೆಯ ಲೋಹ ಇರಬಾರದು ಎಂಬುದು ಅವರ ಲೆಕ್ಕ. ನಿಕ್ಕಲ್ ಅಗ್ಗ, ಧಾರಾಳವಾಗಿ ಸಿಗುತ್ತದೆ. ಆದರೆ ಅದು ಆಮ್ಲದಲ್ಲಿ ಕರಗುತ್ತದೆ. ಆದ್ದರಿಂದ ಅವರು ಆಮ್ಲವನ್ನೇ ಕೈಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಆರಿಸಿಕೊಂಡರು. ಪ್ರತ್ಯಾಮ್ಲದಲ್ಲಿ ನಿಕ್ಕಲ್ ಬಾಳುತ್ತದೆ. ಆಕ್ಸಿಜನ್ ಬದಿಯ ಕ್ರಿಯೆಯೂ ಪ್ರತ್ಯಾಮ್ಲದಲ್ಲಿ ಸ್ವಲ್ಪ ಸುಲಭ. ಅಲ್ಲಿ ಆಕ್ಸಿಜನ್, ನೀರು ಮತ್ತು ಇಲೆಕ್ಟ್ರಾನ್‌ಗಳು ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಆ ಅಯಾನುಗಳು ಹೈಡ್ರೋಜನ್ ಬದಿಗೆ ಸಾಗಿ ಅಲ್ಲಿ ನೀರಾಗುತ್ತವೆ.

ಹತ್ತನೆಯ ತರಗತಿಯ ಮಕ್ಕಳಿಗೆ ನಿಕ್ಕಲ್ ಕ್ರಿಯಾವರ್ಧಕವಾಗಿ ಪರಿಚಿತ. ಸಸ್ಯಜನ್ಯ ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿ ಮಾಡುವ ಪಾಠದಲ್ಲಿ ಅದು ಬರುತ್ತದೆ. ಹೈಡ್ರೋಜನ್ನಿನ ಜೊತೆ ಚೆನ್ನಾಗಿ ಕೆಲಸ ಮಾಡುವ ಲೋಹ ಅದು. ಆದರೆ ಕೋಣೆಯ ಉಷ್ಣತೆಯಲ್ಲಿ ಪ್ಲಾಟಿನಂ ಮಾಡುವಷ್ಟು ಕೆಲಸವನ್ನು ನಿಕ್ಕಲ್ ಮಾಡಲಾರದು. ಕಡಿಮೆ ಚುರುಕಿನ ಕ್ರಿಯಾವರ್ಧಕವನ್ನು ಚುರುಕಾಗಿಸಲು ಬೇಕನ್ ಉಷ್ಣತೆಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರು. ಅಷ್ಟು ಶಾಖದಲ್ಲಿ ದ್ರಾವಣದ ನೀರು ಕುದಿದು ಹೋಗುತ್ತದೆ. ಕುದಿಯದಂತೆ ತಡೆಯಲು ಒತ್ತಡ ಬೇಕು. ಮನೆಯ ಕುಕ್ಕರಿನಲ್ಲಿ ನೀರು ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಾಗುವುದೂ ಇದೇ ಉಪಾಯದಿಂದ. ಕುಕ್ಕರಿನ ಒಳಗಿನ ಒತ್ತಡ ವಾತಾವರಣದ ಸುಮಾರು ಎರಡು ಪಟ್ಟು. ಬೇಕನ್ನರ ಕೋಶಗಳಲ್ಲಿ ಅದು ಇಪ್ಪತ್ತರಿಂದ ನಲವತ್ತು ಪಟ್ಟಿನವರೆಗೂ ಇತ್ತು. ಒಳಗೆ ಕುದಿಯುವಷ್ಟು ಬಿಸಿಯಾದ ಪ್ರಬಲ ಪ್ರತ್ಯಾಮ್ಲ, ಅಕ್ಕಪಕ್ಕದಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್. ಅಗ್ಗದ ಲೋಹಕ್ಕೆ ತೆತ್ತ ಬೆಲೆ ಇದು.

ನೌಕರಿಯೋ ಪ್ರಯೋಗವೋ

ಈ ಪ್ರಯೋಗಗಳನ್ನು ಬೇಕನ್ 1930ರ ದಶಕದ ಕೊನೆಯಲ್ಲಿ ತಮ್ಮ ಪಾಡಿಗೆ ಆರಂಭಿಸಿದರು. ಕಂಪನಿಯಲ್ಲಿ ಅವರಿಗೆ ಒಪ್ಪಿಸಿದ್ದ ಕೆಲಸ ಸರ್ಚ್‌ಲೈಟ್ ಪ್ರತಿಫಲಕಗಳದು. ಒತ್ತಡದ ಹೈಡ್ರೋಜನ್ ಮತ್ತು ಆಕ್ಸಿಜನ್ನಿನ ಜೊತೆ ಅವರು ಗುಟ್ಟಾಗಿ ಆಡುತ್ತಿದ್ದುದು ಮೇಲಿನವರಿಗೆ ತಿಳಿದಾಗ, ಪ್ರಯೋಗ ನಿಲ್ಲಿಸಬೇಕು ಇಲ್ಲವೇ ಕಂಪನಿ ಬಿಡಬೇಕು ಎಂದಾಯಿತು. ಅಪಾಯದ ದೃಷ್ಟಿಯಿಂದ ಕಂಪನಿಯ ಮಾತಿನಲ್ಲೂ ನ್ಯಾಯವಿತ್ತು. ಬೇಕನ್ 1940ರಲ್ಲಿ ಕಂಪನಿ ಬಿಟ್ಟರು. ಮದುವೆಯಾಗಿ ಆರು ವರ್ಷವಾಗಿತ್ತು, ಯುದ್ಧ ನಡೆಯುತ್ತಿತ್ತು. ಕುಟುಂಬಕ್ಕೆ ಸ್ವಂತ ಆಸ್ತಿ ಇದ್ದುದರಿಂದ ಈ ನಿರ್ಧಾರ ಸಾಧ್ಯವಾಯಿತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಅವರ ಛಲವನ್ನು ಮಕ್ಕಳಿಗೆ ಹೇಳುವಾಗ ಈ ಅನುಕೂಲವನ್ನೂ ಹೇಳುವುದು ಪ್ರಾಮಾಣಿಕತೆ.

ವಿದ್ಯುತ್ ಎಂಜಿನಿಯರ್ ಚಾರ್ಲ್ಸ್ ಮೆರ್ಜ್ ಅವರ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಬೇಕನ್‌ಗೆ ಜಾಗ ಸಿಕ್ಕಿತು. ಅಲ್ಲಿ ಅವರು ಜೋಡಿ ಕೋಶವೊಂದನ್ನು ಕಟ್ಟಿದರು. ಒಂದು ಭಾಗ ನೀರನ್ನು ವಿಭಜಿಸಿ ಅನಿಲಗಳನ್ನು ಕೊಡುತ್ತಿತ್ತು, ಇನ್ನೊಂದು ಭಾಗ ಆ ಅನಿಲಗಳಿಂದ ವಿದ್ಯುತ್ ಕೊಡುತ್ತಿತ್ತು. ನಮ್ಮ ತರಗತಿಯ ಚಟುವಟಿಕೆ ಮತ್ತು ಅದರ ತಿರುಗುಮುರುಗು ಒಂದೇ ಯಂತ್ರದಲ್ಲಿ! ಅದೇ ವರ್ಷದ ಅಕ್ಟೋಬರಿನಲ್ಲಿ ಮೆರ್ಜ್ ಲಂಡನ್ನಿನ ಮೇಲಿನ ಬಾಂಬ್ ದಾಳಿಯಲ್ಲಿ ತೀರಿಕೊಂಡರು. ಬೇಕನ್‌ರನ್ನು ಜಲಾಂತರ್ಗಾಮಿ ಪತ್ತೆಯ ಸಂಶೋಧನೆಗೆಂದು ಸ್ಕಾಟ್ಲೆಂಡಿಗೆ ಕಳಿಸಲಾಯಿತು. ಯುದ್ಧ ಮುಗಿಯುವವರೆಗೆ ಇಂಧನ ಕೋಶ ಮೂಲೆ ಸೇರಿತು.

ಎರಡು ಬಗೆಯ ರಂಧ್ರಗಳು

1946ರಲ್ಲಿ ಕೆಲಸ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ಶುರುವಾಯಿತು. ಗ್ರೋವ್ ಬಿಟ್ಟುಹೋದ ತೊಡಕಿಗೆ ಇಲ್ಲಿ ಪರಿಹಾರ ಸಿಕ್ಕಿತು. ಅನಿಲ, ದ್ರವ, ಲೋಹ ಮೂರೂ ಕೂಡುವ ಜಾಗ ಹೆಚ್ಚಬೇಕಾದರೆ ಲೋಹದ ತಗಡು ಸ್ಪಂಜಿನಂತೆ ರಂಧ್ರಮಯವಾಗಿರಬೇಕು. ಆದರೆ ರಂಧ್ರಗಳೆಲ್ಲ ದ್ರವದಿಂದ ತುಂಬಿಹೋದರೆ ಅನಿಲಕ್ಕೆ ದಾರಿಯಿಲ್ಲ. ಅನಿಲದ ಒತ್ತಡ ಹೆಚ್ಚಿಸಿದರೆ ಅದು ಗುಳ್ಳೆಗಳಾಗಿ ದ್ರವದೊಳಗೆ ನುಗ್ಗಿ ವ್ಯರ್ಥವಾಗುತ್ತದೆ.

ಯುದ್ಧಕಾಲದ ರಹಸ್ಯ ಕಾಯಿದೆಯ ಅಡಿಯಲ್ಲಿದ್ದ ರಂಧ್ರಮಯ ನಿಕ್ಕಲ್ ಹಾಳೆಯೊಂದು ಆಗ ಬೇಕನ್ ತಂಡದ ಕಣ್ಣಿಗೆ ಬಿತ್ತು. ಅದರ ಜಾಡು ಹಿಡಿದು ಅವರು ನಿಕ್ಕಲ್ ಪುಡಿಯನ್ನು ಕಾಯಿಸಿ ಬೆಸೆದ, ಎರಡು ಪದರದ ತಗಡು ಮಾಡಿದರು. ಅನಿಲದ ಬದಿಗೆ ದೊಡ್ಡ ರಂಧ್ರಗಳ ಪದರ, ದ್ರವದ ಬದಿಗೆ ಸಣ್ಣ ರಂಧ್ರಗಳ ಪದರ. ಸಣ್ಣ ರಂಧ್ರ ದ್ರವವನ್ನು ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ, ದೊಡ್ಡ ರಂಧ್ರದ ಹಿಡಿತ ಸಡಿಲ. ಹಾಗಾಗಿ ಅನಿಲಕ್ಕೆ ಸ್ವಲ್ಪ ಹೆಚ್ಚಿನ ಒತ್ತಡ ಕೊಟ್ಟರೆ ಅದು ದೊಡ್ಡ ರಂಧ್ರಗಳಿಂದ ದ್ರವವನ್ನು ಹೊರದೂಡಿ, ಸಣ್ಣ ರಂಧ್ರಗಳ ಬಾಯಲ್ಲಿ ಬಂದು ನಿಲ್ಲುತ್ತದೆ. ಅನಿಲ ಮತ್ತು ದ್ರವದ ಗಡಿ ತಗಡಿನ ನಟ್ಟನಡುವೆ ಸ್ಥಿರವಾಗಿ ಉಳಿಯುತ್ತದೆ. ಒದ್ದೆ ಸ್ಪಂಜಿಗೆ ಒಣಗಿದ ಸೀಮೆಸುಣ್ಣದ ತುಂಡನ್ನು ತಾಗಿಸಿ ಇದೇ ತತ್ವವನ್ನು ತರಗತಿಯಲ್ಲಿ ತೋರಿಸಬಹುದು. ಸೀಮೆಸುಣ್ಣದ ಸಣ್ಣ ರಂಧ್ರಗಳು ಸ್ಪಂಜಿನ ದೊಡ್ಡ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತವೆ.

ಆಕ್ಸಿಜನ್ ಬದಿಯ ತುಕ್ಕು

ಹೈಡ್ರೋಜನ್ ಬದಿಯ ನಿಕ್ಕಲ್‌ಗೆ ತೊಂದರೆಯಾಗಲಿಲ್ಲ. ಆಕ್ಸಿಜನ್ ಬದಿಯದು ಕೆಡತೊಡಗಿತು. 200 ಡಿಗ್ರಿಯಲ್ಲಿ ಒತ್ತಡದ ಆಕ್ಸಿಜನ್ನಿಗೆ ಮೈಯೊಡ್ಡಿದ ನಿಕ್ಕಲ್ ಉತ್ಕರ್ಷಣಗೊಂಡು ನಿಕ್ಕಲ್ ಆಕ್ಸೈಡ್ ಆಗುತ್ತದೆ. ಹಸಿರು ಬಣ್ಣದ ಆ ಆಕ್ಸೈಡ್ ವಿದ್ಯುತ್ತನ್ನು ಬಹಳ ಕಡಿಮೆ ಹರಿಯಬಿಡುತ್ತದೆ. ವಿದ್ಯುದ್ವಾರವೇ ಅವಾಹಕದಂತಾದರೆ ಕೋಶಕ್ಕೆ ಅರ್ಥವಿಲ್ಲ. ಚಿನ್ನ ಅಥವಾ ಪ್ಲಾಟಿನಂ ಲೇಪಿಸಿದರೆ ಇಷ್ಟು ವರ್ಷ ಪಟ್ಟ ಪಾಡು ನೀರಿನಲ್ಲಿ ಹೋಮ.

ತಂಡ ಕಂಡುಕೊಂಡ ಉಪಾಯ ಆಕ್ಸೈಡನ್ನು ತಡೆಯಲು ಹೋಗಲಿಲ್ಲ, ಅದನ್ನೇ ಪಳಗಿಸಿತು. ನಿಕ್ಕಲ್ ತಗಡನ್ನು ಲಿಥಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಗಾಳಿಯಲ್ಲಿ ಚೆನ್ನಾಗಿ ಕಾಯಿಸಿದರು. ಮೇಲ್ಮೈಯಲ್ಲಿ ಉಂಟಾಗುವ ಆಕ್ಸೈಡಿನೊಳಗೆ ಕೆಲವು ನಿಕ್ಕಲ್ ಅಯಾನುಗಳ ಜಾಗದಲ್ಲಿ ಲಿಥಿಯಂ ಅಯಾನುಗಳು ಕೂತವು. ನಿಕ್ಕಲ್ ಅಯಾನಿನ ಆವೇಶ ಎರಡು, ಲಿಥಿಯಮ್ಮಿನದು ಒಂದು. ಲೆಕ್ಕ ಸರಿದೂಗಲು ಪಕ್ಕದ ಕೆಲವು ನಿಕ್ಕಲ್ ಅಯಾನುಗಳು ಮೂರು ಆವೇಶದವಾಗಬೇಕು. ಆಗ ಇಲೆಕ್ಟ್ರಾನ್‌ಗಳು ಒಂದು ನಿಕ್ಕಲ್ಲಿನಿಂದ ಇನ್ನೊಂದಕ್ಕೆ ಜಿಗಿಯಲು ದಾರಿಯಾಗುತ್ತದೆ. ಹಸಿರು ಅವಾಹಕ ಕಪ್ಪು ಅರೆವಾಹಕವಾಯಿತು. ಆ ಕಪ್ಪು ಪದರ ಒಳಗಿನ ಲೋಹವನ್ನು ಕಾಯುವ ಜೊತೆಗೆ ಆಕ್ಸಿಜನ್ನಿನ ಅಪಕರ್ಷಣಕ್ಕೂ ತಾಣವಾಯಿತು. ಬೆಲೆಬಾಳುವ ಲೋಹ ಒಂದು ಚೂರೂ ಬೇಕಾಗಲಿಲ್ಲ.

ಹಣದ ತಾಪತ್ರಯ ಮಾತ್ರ ತಪ್ಪಲಿಲ್ಲ. 1950ರ ದಶಕದ ನಡುವೆ ಕೆಲಸ ನಿಲ್ಲುವ ಸ್ಥಿತಿಗೂ ಬಂತು. 1956ರಿಂದ ಬ್ರಿಟನ್ನಿನ ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮ ಕೈಹಿಡಿಯಿತು. 1959ರಲ್ಲಿ ಕೇಂಬ್ರಿಜ್‌ನ ಮಾರ್ಷಲ್ ಕಂಪನಿಯ ಆವರಣದಲ್ಲಿ ನಲವತ್ತು ಕೋಶಗಳ, 5 ಕಿಲೋವಾಟ್ ಸಾಮರ್ಥ್ಯದ ಬ್ಯಾಟರಿಯನ್ನು ಬೇಕನ್ ಸಾರ್ವಜನಿಕವಾಗಿ ತೋರಿಸಿದರು. ಸರಕು ಎತ್ತುವ ಫೋರ್ಕ್‌ಲಿಫ್ಟ್, ಮರ ಕೊಯ್ಯುವ ಗರಗಸ, ವೆಲ್ಡಿಂಗ್ ಯಂತ್ರ ಅದರಿಂದ ನಡೆದವು. ದಕ್ಷತೆ ಶೇಕಡ 60ರಷ್ಟಿತ್ತು.

ಚಂದ್ರನ ದಾರಿಯಲ್ಲಿ

ಬ್ರಿಟನ್ನಿನಲ್ಲಿ ಕೊಳ್ಳುವವರು ಬರಲಿಲ್ಲ. ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿ ಪೇಟೆಂಟ್‌ಗಳ ಪರವಾನಗಿ ಪಡೆದು, ಅಪೊಲೊ ಯೋಜನೆಗೆ ವಿದ್ಯುತ್ ಒದಗಿಸುವ ಗುತ್ತಿಗೆ ಗೆದ್ದುಕೊಂಡಿತು. ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಇನ್ನಷ್ಟು ಸಾರೀಕರಿಸಿದ್ದರಿಂದ ಕಡಿಮೆ ಒತ್ತಡದಲ್ಲೇ ಅದು ಕುದಿಯದೆ ಉಳಿಯುವಂತಾಯಿತು, ಭಾರದ ಉಕ್ಕಿನ ಕವಚದ ಅಗತ್ಯ ತಪ್ಪಿತು. ಪ್ರತಿ ನೌಕೆಯಲ್ಲಿ ಮೂರು ಘಟಕ, ಪ್ರತಿ ಘಟಕದಲ್ಲಿ 31 ಕೋಶ. ಅವುಗಳಿಂದ ವಿದ್ಯುತ್ತೂ ಬಂತು, ಯಾತ್ರಿಗಳು ಕುಡಿಯುವ ನೀರೂ ಬಂತು. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಆಕ್ಸಿಜನ್ ತೊಟ್ಟಿ ಸ್ಫೋಟಿಸಿದಾಗ ಕೋಶಗಳು ಆಕ್ಸಿಜನ್ ಇಲ್ಲದೆ ಸತ್ತವು. ವಿದ್ಯುತ್ ಮತ್ತು ನೀರು ಎರಡೂ ಒಟ್ಟಿಗೆ ನಿಂತದ್ದು ಏಕೆ ಎಂದು ಮಕ್ಕಳನ್ನು ಕೇಳಿದರೆ ಇಡೀ ಕ್ರಿಯೆ ಅವರಿಗೆ ಅರ್ಥವಾದಂತೆ.

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಇಂಧನ ಕೋಶದ ವಿವರಣೆ ಓದಿದವರಿಗೆ ರಂಧ್ರಮಯ ಇಂಗಾಲದ ವಿದ್ಯುದ್ವಾರ, ಸೋಡಿಯಂ ಹೈಡ್ರಾಕ್ಸೈಡ್, ಪ್ಲಾಟಿನಂ ಅಥವಾ ಪೆಲೇಡಿಯಂ ಕ್ರಿಯಾವರ್ಧಕ ನೆನಪಿರುತ್ತದೆ. ಅಪೊಲೊ ಹೆಸರೂ ಅಲ್ಲೇ ಬರುತ್ತದೆ. ಸಾಮಾನ್ಯ ಮಾದರಿಯಾಗಿ ಆ ವಿವರಣೆ ಸರಿ. ಆದರೆ ಅಪೊಲೊದಲ್ಲಿ ಹೋದ ಕೋಶಗಳಲ್ಲಿ ಇದ್ದದ್ದು ನಿಕ್ಕಲ್, ಲಿಥಿಯಂ ಸೇರಿದ ನಿಕ್ಕಲ್ ಆಕ್ಸೈಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದಕ್ಕೂ ಮೊದಲಿನ ಜೆಮಿನಿ ನೌಕೆಗಳ ಕೋಶಗಳಲ್ಲಿ ಪ್ಲಾಟಿನಂ ಇತ್ತು. ಪಾಠ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಬೇಕನ್ನರ ಇಪ್ಪತ್ತೇಳು ವರ್ಷ ಒಂದು ಸಾಲಿನಲ್ಲಿ ಕಳೆದುಹೋಗುವುದಿಲ್ಲ.

ಕೊನೆಯ ವರ್ಷಗಳು ಮತ್ತು ಉಳಿದ ಪ್ರಶ್ನೆ

ಚಂದ್ರನ ಮೇಲೆ ಇಳಿದು ಬಂದ ಯಾತ್ರಿಗಳನ್ನು ಬೇಕನ್ ಲಂಡನ್ನಿನಲ್ಲಿ ಪ್ರಧಾನಮಂತ್ರಿಗಳ ನಿವಾಸದಲ್ಲಿ ಭೇಟಿಯಾದರು. ಚಂದ್ರನ ಮಣ್ಣಿನ ಮೇಲಿನ ಹೆಜ್ಜೆಗುರುತಿನ ಚಿತ್ರಕ್ಕೆ ಸಹಿ ಹಾಕಿ ಅವರಿಗೆ ಕೊಡಲಾಯಿತು. 1973ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. 1991ರಲ್ಲಿ ಗ್ರೋವ್ ಹೆಸರಿನ ಪದಕ ಮೊದಲ ಬಾರಿಗೆ ಅವರಿಗೇ ಸಂದಿತು. 1992ರ ಮೇ 24ರಂದು ಕೇಂಬ್ರಿಜ್ ಸಮೀಪದ ಲಿಟಲ್ ಶೆಲ್ಫರ್ಡ್‌ನಲ್ಲಿ ನಿಧನರಾದರು.

ಬೇಕನ್ ಬಯಸಿದ್ದು ಭೂಮಿಯ ಮೇಲೆ, ದಿನಬಳಕೆಗೆ ಬರುವ ಇಂಧನ ಕೋಶ. ಅದು ಅವರ ಕಣ್ಣೆದುರು ಆಗಲಿಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಪ್ರತ್ಯಾಮ್ಲದ ಜೊತೆ ಸೇರಿ ಕಾರ್ಬೋನೇಟ್ ಆಗುತ್ತದೆ. ಸುಣ್ಣದ ತಿಳಿನೀರು ಹಾಲಿನಂತಾಗುವುದೂ ಇಂಥದೇ ಕ್ರಿಯೆಯಿಂದ. ಬಾಹ್ಯಾಕಾಶಕ್ಕೆ ಶುದ್ಧ ಆಕ್ಸಿಜನ್ ಒಯ್ಯಬಹುದು, ರಸ್ತೆಯ ಮೇಲಿನ ವಾಹನ ಗಾಳಿಯನ್ನೇ ಉಸಿರಾಡಬೇಕು. ಅಪೊಲೊ ನಂತರದ ಬಾಹ್ಯಾಕಾಶ ಷಟ್ಲ್‌ಗಳ ಕೋಶಗಳು ಪ್ರತ್ಯಾಮ್ಲವನ್ನು ಉಳಿಸಿಕೊಂಡರೂ ವಿದ್ಯುದ್ವಾರಗಳಿಗೆ ಪ್ಲಾಟಿನಂ, ಚಿನ್ನಗಳಿಗೆ ಮರಳಿದವು. ಇಂದಿನ ಹೈಡ್ರೋಜನ್ ಕಾರುಗಳಲ್ಲಿರುವುದು ಆಮ್ಲೀಯ ಪೊರೆ, ಆದ್ದರಿಂದ ಮತ್ತೆ ಪ್ಲಾಟಿನಂ, ಅದರಲ್ಲೂ ಹೆಚ್ಚಿನ ಪಾಲು ಆಕ್ಸಿಜನ್ ಬದಿಗೆ.

ಹುಡುಕಾಟ ನಿಂತಿಲ್ಲ. 1964ರಲ್ಲಿ ರೇಮಂಡ್ ಜಾಸಿನ್‌ಸ್ಕಿ ಕೋಬಾಲ್ಟ್ ಥ್ಯಾಲೋಸಯನಿನ್ ಎಂಬ ಸಂಯುಕ್ತ ಪ್ರತ್ಯಾಮ್ಲದಲ್ಲಿ ಆಕ್ಸಿಜನ್ನನ್ನು ಅಪಕರ್ಷಿಸುತ್ತದೆ ಎಂದು ತೋರಿಸಿದರು. ಅದರಲ್ಲಿ ಲೋಹದ ಪರಮಾಣುವಿನ ಸುತ್ತ ನಾಲ್ಕು ನೈಟ್ರೋಜನ್ ಪರಮಾಣುಗಳಿವೆ. ನಮ್ಮ ರಕ್ತದ ಹೀಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ಹಿಡಿಯುವ ಕಬ್ಬಿಣವೂ ಹೀಗೆಯೇ ಕೂತಿದೆ. ಇಂಗಾಲದಲ್ಲಿ ಕಬ್ಬಿಣ ಮತ್ತು ನೈಟ್ರೋಜನ್ ಸೇರಿಸಿ ಮಾಡಿದ ಕ್ರಿಯಾವರ್ಧಕಗಳು ಇಂದು ಪ್ರಯೋಗಾಲಯಗಳಲ್ಲಿ ಮುಂಚೂಣಿಯಲ್ಲಿವೆ. ಆಮ್ಲದಲ್ಲಿ ಬಹುಕಾಲ ಬಾಳುವುದೇ ಅವುಗಳಿಗೆ ಕಷ್ಟ.

ತರಗತಿಯಲ್ಲಿ ಬಳಕೆ

ವಿದ್ಯುದ್ವಿಭಜನೆಯ ಪಾಠದ ವಿಸ್ತರಣೆಯ ಹಂತದಲ್ಲಿ ಹತ್ತು ನಿಮಿಷ ಈ ಬದುಕನ್ನು ಹೇಳಬಹುದು. ಪೂರ್ವಜ್ಞಾನಕ್ಕೆ ವನಸ್ಪತಿಯ ನಿಕ್ಕಲ್, ಕಬ್ಬಿಣದ ತುಕ್ಕು, ಸುಣ್ಣದ ತಿಳಿನೀರು ಸಾಕು. ಮೌಲ್ಯಮಾಪನಕ್ಕೆ ಹೆಸರು, ಇಸವಿ ಕೇಳುವ ಬದಲು ಆಯ್ಕೆಯ ಪ್ರಶ್ನೆ ಕೇಳೋಣ: ನಿಕ್ಕಲ್ ಬೇಕೆಂದರೆ ಆಮ್ಲ ಬಿಡಬೇಕು, ಪ್ರತ್ಯಾಮ್ಲ ಹಿಡಿದರೆ ಗಾಳಿಯನ್ನು ಶುದ್ಧಗೊಳಿಸಬೇಕು, ಶಾಖ ಹೆಚ್ಚಿಸಿದರೆ ಒತ್ತಡ ಬೇಕು. ನೀವಾಗಿದ್ದರೆ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯುತ್ತಿದ್ದಿರಿ, ಏಕೆ? ಈ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಮಗು ಕೊಡುವ ಕಾರಣಕ್ಕೆ ಅಂಕ ಕೊಡಬೇಕು.